ಮೆತ್ತೆಯ ಆಯುಷ್ಯ ಅಂಚಿನಲ್ಲಿದೆ: ತಾಳಗುಂದದ ಕೆಲಸದಿಂದ ಕಲಿತ ಪಾಠಗಳು

ಅಡಿಕೆ ಕೊಯ್ಲು ಶುರುವಾಯಿತೆಂದರೆ ಶಿಕಾರಿಪುರ, ಸೊರಬದ ಕಡೆ ಅಂಗಳಗಳಲ್ಲಿ ಮೆಟ್ಟುಗತ್ತಿಗಳು ಸಾಲು ಹಿಡಿಯುತ್ತವೆ. ಅವುಗಳ ಮುಂದೆ ಕೂರುವವರಲ್ಲಿ ಹೆಂಗಸರೇ ಹೆಚ್ಚು. ಹಗಲಿನ ಕೆಲಸ ಮುಗಿಸಿ ಬಂದು, ರಾತ್ರಿ ಬಹಳ ಹೊತ್ತಿನವರೆಗೆ ಒಂದೇ ಭಂಗಿಯಲ್ಲಿ ಸುಲಿಯುತ್ತಾರೆ. ಕೆಳಗೆ ಒಂದು ಮಣೆಯೋ ಮಡಿಸಿದ ಗೋಣಿಚೀಲವೋ ಇದ್ದರೆ ಅದೇ ಹೆಚ್ಚು. ಸುಗ್ಗಿ ಮುಗಿಯುವ ಹೊತ್ತಿಗೆ ಸೊಂಟ ಹಿಡಿದುಕೊಂಡಿರುತ್ತದೆ.

ತಾಳಗುಂದದಲ್ಲಿ ನಾವು ಮಾಡುವ ಫೋಮಿನ ಮೆತ್ತೆಗಳಿಗೆ ಮೊದಲ ಗಿರಾಕಿಗಳು ಇವರೇ. ಆಮೇಲೆ ಹಾಸಿಗೆ ಹಿಡಿದ ಹಿರಿಯರಿರುವ ಮನೆಗಳು, ಟ್ರ್ಯಾಕ್ಟರ್ ಸೀಟಿನವರು, ಪುಟ್ಟ ಮಕ್ಕಳ ಶಾಲೆಯವರು ಬಂದರು. ಒಳಗೆ ಫೋಮು, ಹೊರಗೆ ರೆಕ್ಸಿನ್ ಗವಸು, ಸುತ್ತಲೂ ಹೊಲಿಗೆಯ ಬದಲು ಶಾಖದ ಬೆಸುಗೆ. ನೋಡಲು ಸುಲಭದ ಕೆಲಸ. ಆದರೆ ಒಳ್ಳೆಯ ಮೆತ್ತೆಗೂ ಒಂದೇ ಮಳೆಗಾಲಕ್ಕೆ ಹಾಳಾಗುವ ಮೆತ್ತೆಗೂ ನಡುವಿನ ವ್ಯತ್ಯಾಸವೆಲ್ಲ ಹತ್ತು ಮಿಲಿಮೀಟರ್ ಅಗಲದ ಆ ಅಂಚಿನಲ್ಲಿದೆ. ಈ ಕೆಲಸಕ್ಕೆ ಇಳಿಯುವವರಿಗೆ ಉಪಯೋಗವಾಗಲೆಂದು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಯಾರು, ಎಲ್ಲಿ, ಎಷ್ಟು ಹೊತ್ತು ಕೂರುತ್ತಾರೆಂದು ಮೊದಲು ಕೇಳಿ

ಕಾರಿನಲ್ಲಿ ಕೂರುವವರ ಮೆತ್ತೆ ಬೇರೆ, ನೆಲದ ಮೇಲೆ ಕೂರುವವರ ಮೆತ್ತೆ ಬೇರೆ. ನೆಲದಲ್ಲಿ ಕೂತಾಗ ಮೈಭಾರ ಕೂರುವ ಮೂಳೆಗಳ ಎರಡು ಸಣ್ಣ ಜಾಗಗಳ ಮೇಲೆ ಬೀಳುತ್ತದೆ. ಮೆತ್ತನೆಯ ಫೋಮು ಅಲ್ಲಿ ಪೂರಾ ಕುಗ್ಗಿ ನೆಲ ತಾಗುತ್ತದೆ. ಅಂಗಡಿಯಲ್ಲಿ ಕೈಯಿಂದ ಒತ್ತಿ ನೋಡಿದಾಗ ಹಿತವೆನಿಸಿದ್ದು, ಎರಡು ತಾಸು ಕೂತ ಮೇಲೆ ಇದ್ದೂ ಇಲ್ಲದಂತೆ. ಹಾಗಾಗಿ ಸುಲಿಯುವವರ ಮೆತ್ತೆಗೆ ನಾವು ಎರಡು ಪದರ ಹಾಕುತ್ತೇವೆ: ಕೆಳಗೆ ಗಟ್ಟಿಯಾದ ರೀಬಾಂಡೆಡ್ ಫೋಮು, ಅಂದರೆ ಚೂರುಗಳನ್ನು ಒತ್ತಿ ಅಂಟಿಸಿದ್ದು, ಮೇಲೆ ಮೆತ್ತನೆಯ ಪಿಯು (ಪಾಲಿಯುರೆಥೇನ್) ಫೋಮು. ಹೊಸ ಅಳತೆ ಮಾಡಿದಾಗ ಮೆತ್ತೆಯ ಮೇಲೆ ಮೊಣಕಾಲೂರಿ, ಮೈಭಾರವನ್ನೆಲ್ಲ ಬಿಟ್ಟು ನೋಡಿ. ನೆಲ ತಾಗಿದರೆ ಆ ಫೋಮು ನೆಲದವರಿಗಲ್ಲ.

2. ಡೆನ್ಸಿಟಿಯನ್ನು ತಕ್ಕಡಿಯಲ್ಲಿ ನೋಡಿ

ಪಾಲಿಯುರೆಥೇನಿನ ರಸಾಯನವನ್ನು 1937ರಲ್ಲಿ ಜರ್ಮನಿಯ ಒಟ್ಟೊ ಬಾಯರ್ ಮತ್ತು ಸಂಗಡಿಗರು ಕಂಡುಹಿಡಿದರು. ಅದರ ನೊರೆಯನ್ನೇ ಗಟ್ಟಿಯಾಗಿಸಿದ್ದು ಇಂದಿನ ಪಿಯು ಫೋಮು. ಮಾರುವವರು ‘32 ಡೆನ್ಸಿಟಿ’, ‘40 ಡೆನ್ಸಿಟಿ’ ಎನ್ನುತ್ತಾರೆ. ಹಾಗೆಂದರೆ ಒಂದು ಘನ ಮೀಟರ್ ಫೋಮು 32 ಅಥವಾ 40 ಕಿಲೋ ತೂಗಬೇಕು. ಬಾಯಿಮಾತನ್ನು ನಂಬಬೇಕಾಗಿಲ್ಲ. 50 ಸೆಂಟಿಮೀಟರ್ ಉದ್ದ, 40 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ದಪ್ಪದ ತುಂಡು ಸರಿಯಾಗಿ ಒಂದು ಘನ ಮೀಟರಿನ ನೂರನೇ ಒಂದು ಭಾಗ. 40 ಡೆನ್ಸಿಟಿಯದಾದರೆ ಅದು 400 ಗ್ರಾಂ ತೂಗಬೇಕು, 32ರದ್ದಾದರೆ 320. ಅಡುಗೆಮನೆಯ ತಕ್ಕಡಿ ಸಾಕು.

ಇನ್ನೊಂದು ಮಾತು: ಡೆನ್ಸಿಟಿ ಬೇರೆ, ಗಡಸುತನ ಬೇರೆ. ಹೆಚ್ಚು ಡೆನ್ಸಿಟಿಯ ಮೆತ್ತನೆ ಫೋಮೂ ಉಂಟು, ಕಡಿಮೆ ಡೆನ್ಸಿಟಿಯ ಗಡಸು ಫೋಮೂ ಉಂಟು. ಗಡಸುತನ ಕೂತ ಕ್ಷಣಕ್ಕೆ ತಿಳಿಯುತ್ತದೆ, ಡೆನ್ಸಿಟಿ ವರ್ಷ ಕಳೆದ ಮೇಲೆ. ಕಡಿಮೆ ಡೆನ್ಸಿಟಿಯದು ಬೇಗ ಗುಳಿ ಬೀಳುತ್ತದೆ.

3. ಸೂಜಿ ಹೋದಲ್ಲೆಲ್ಲ ನೀರೂ ಹೋಗುತ್ತದೆ

ಹೊಲಿಗೆ ಹಾಕಿದ ರೆಕ್ಸಿನ್ ಎಷ್ಟೇ ಒಳ್ಳೆಯದಿರಲಿ, ಅಂಚಿನುದ್ದಕ್ಕೂ ತೂತುಗಳ ಸಾಲು ಇದ್ದೇ ಇರುತ್ತದೆ. ಅಡಿಕೆಯ ಚೊಗರು, ಮಗುವಿನ ಉಚ್ಚೆ, ಮಳೆಯ ಎರಚಲು ಎಲ್ಲಕ್ಕೂ ಅದೇ ದಾರಿ. ಒಳಗೆ ಹೋದ ನೀರನ್ನು ಫೋಮು ಹೀರಿಕೊಂಡರೆ ಆಷಾಢ, ಶ್ರಾವಣದಲ್ಲಿ ಒಣಗುವ ಮಾತೇ ಇಲ್ಲ. ಕಮಟು ವಾಸನೆ ಬರುತ್ತದೆ, ಬೂಷ್ಟು ಹಿಡಿಯುತ್ತದೆ. ಬೆಸುಗೆ ಹಾಕಿದ ಅಂಚಿಗೆ ತೂತಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ನಮ್ಮ ಅರೆಮಲೆನಾಡಿಗೆ ಬೆಸುಗೆಯೇ ಸರಿ ಎನ್ನುವುದು ಇದಕ್ಕೆ.

4. ಯಾವುದು ಯಾವುದಕ್ಕೆ ಅಂಟುತ್ತದೆಂದು ತಿಳಿದೇ ಮಾಲು ತರಿಸಿ

ರೆಕ್ಸಿನ್ನಿನ ಮೇಲಿನ ಲೇಪ ಪಿವಿಸಿ. ಪಿವಿಸಿ ಕರಗಿ ಪಿವಿಸಿಗೆ ಕೂಡಿಕೊಳ್ಳುತ್ತದೆ. ರೆಕ್ಸಿನ್ನಿನ ಹಿಂಬದಿಯ ಬಟ್ಟೆ ಕರಗುವುದಿಲ್ಲ. ಆದ್ದರಿಂದ ಬಟ್ಟೆಯಿರುವ ರೆಕ್ಸಿನ್ನಿಗೆ ಲೇಪದ ಮುಖಗಳನ್ನೇ ಎದುರುಬದುರು ಇಟ್ಟು ಬೆಸೆಯಬೇಕು, ಇಲ್ಲವೇ ಬಟ್ಟೆಯಿಲ್ಲದ ಬರೀ ಪಿವಿಸಿ ಹಾಳೆ ತರಿಸಬೇಕು.

ದೊಡ್ಡ ಕಾರ್ಖಾನೆಗಳಲ್ಲಿ ಹೈ ಫ್ರೀಕ್ವೆನ್ಸಿ ಮಿಷನ್ನುಗಳಿರುತ್ತವೆ, ಹೆಚ್ಚಿನವು 27.12 ಮೆಗಾಹರ್ಟ್ಸ್‌ನಲ್ಲಿ ನಡೆಯುತ್ತವೆ. ಅಲ್ಲಿ ಶಾಖ ಹಾಳೆಯ ಒಳಗೇ ಹುಟ್ಟುವುದರಿಂದ ಬೆಸುಗೆ ಒಂದೇ ಸಮ ಬರುತ್ತದೆ. ಆದರೆ ಪಾಲಿಥೀನ್, ಪಾಲಿಪ್ರೊಪಿಲೀನ್‌ಗೆ ಆ ಮಿಷನ್ ನಡೆಯುವುದಿಲ್ಲ. ಅವಕ್ಕೆ ಬಿಸಿ ಪಟ್ಟಿಯೇ ಆಗಬೇಕು. ಅಗ್ಗಕ್ಕೆ ಸಿಕ್ಕಿತೆಂದು ಕಂಡ ಹಾಳೆ ತಂದರೆ ಮಿಷನ್ನೂ ಮಾಲೂ ಒಂದಕ್ಕೊಂದು ಒಗ್ಗದೆ ಹೋಗುತ್ತವೆ. ಹೊಸಬರಿಗೆ ಕಾಲಿನಿಂದ ಒತ್ತುವ ಇಂಪಲ್ಸ್ ಸೀಲರ್ ಸಾಕು. ಮಾರುಕಟ್ಟೆ ಕುದುರಿದ ಮೇಲೆ ದೊಡ್ಡದರ ಯೋಚನೆ ಮಾಡಬಹುದು.

5. ಶಾಖ, ಒತ್ತಡ, ಹೊತ್ತು. ಆಮೇಲೆ ತಣಿಯುವ ತನಕ ತಾಳ್ಮೆ

ಕೆಲಸದ ಜೀವ ಇಲ್ಲಿದೆ. ಪೆಡಲ್ ಒತ್ತುತ್ತೀರಿ, ಮೇಲಿನ ಪಟ್ಟಿ ಇಳಿದು ಎರಡೂ ಹಾಳೆಗಳನ್ನು ಹಿಡಿಯುತ್ತದೆ, ನೈಕ್ರೋಮ್ ಪಟ್ಟಿಗೆ ಕರೆಂಟು ಹೋಗಿ ದೀಪ ಹತ್ತುತ್ತದೆ. ದೀಪ ಆರಿತು. ಹೊಸಬರ ಕಾಲು ಆ ಕ್ಷಣವೇ ಪೆಡಲಿನಿಂದ ಏಳುತ್ತದೆ. ಏಳಕೂಡದು. ಆಗ ಪಿವಿಸಿ ಇನ್ನೂ ಅಂಟಂಟಾಗಿರುತ್ತದೆ. ಫೋಮು ಒಳಗಿಂದ ನೂಕುತ್ತಿರುವಾಗ ಒತ್ತಡ ತೆಗೆದರೆ ಅಂಚು ಕಣ್ಣಿಗೆ ಕಾಣದಷ್ಟು ಬಿಚ್ಚಿಕೊಂಡು ಹಾಗೆಯೇ ಗಟ್ಟಿಯಾಗುತ್ತದೆ. ದೀಪ ಆರಿದ ಮೇಲೂ ಅಂಚು ಪೂರ್ತಿ ತಣಿಯುವ ತನಕ ಒತ್ತಿ ಹಿಡಿಯಿರಿ. ಪಟ್ಟಿ ಎತ್ತಿದಾಗ ಅಂಚು ಕೈಗೆ ಬೆಚ್ಚಗಿರಬಹುದು, ಮೆತ್ತಗಿರಬಾರದು.

ಶಾಖ ಹೆಚ್ಚಾದರೂ ಕೇಡೇ. ಕರಗಿದ್ದು ಪಕ್ಕಕ್ಕೆ ಹರಿದು, ಬೆಸುಗೆಯ ಬದಿಯಲ್ಲಿ ಹಾಳೆ ತೆಳುವಾಗುತ್ತದೆ. ನಾಲ್ಕು ದಿನ ಕೂತೆದ್ದ ಮೇಲೆ ಅದೇ ಗೆರೆಯಲ್ಲಿ ಸೀಳುತ್ತದೆ. ಪಟ್ಟಿಯ ಮೇಲಿನ ಟೆಫ್ಲಾನ್ ಹೊದಿಕೆ ಕಪ್ಪಾದರೆ, ಸುಕ್ಕಾದರೆ ತಡಮಾಡದೆ ಬದಲಿಸಿ.

ನಮ್ಮೂರುಗಳಲ್ಲಿ ವೋಲ್ಟೇಜು ದಿನವಿಡೀ ಒಂದೇ ಸಮ ಇರುವುದಿಲ್ಲ. ಪಂಪ್‌ಸೆಟ್ಟುಗಳು ಶುರುವಾದರೆ ಇಳಿಯುತ್ತದೆ. ಬೆಳಿಗ್ಗೆ ಕೂಡಿಸಿಟ್ಟ ಹೊತ್ತು ಸಂಜೆಗೆ ಸಾಲದು. ಸ್ಟೆಬಿಲೈಜರ್ ಹಾಕಿ, ಅದಿದ್ದರೂ ಮೀಟರಿನ ಮೇಲೆ ಕಣ್ಣಿರಲಿ.

6. ಬೆಸುಗೆಯ ಜಾಗ ಶುಚಿಯಾಗಿರಲಿ

ಫೋಮಿನ ಒಂದು ಎಳೆ ನಡುವೆ ಸಿಕ್ಕಿದರೂ ಅಲ್ಲಿ ಬೆಸುಗೆ ಕೂಡುವುದಿಲ್ಲ. ಪೌಡರ್, ಎಣ್ಣೆಗೈ, ಬೆವರು ಎಲ್ಲವೂ ಶತ್ರುಗಳೇ. ಮಳೆಗಾಲದಲ್ಲಿ ರೆಕ್ಸಿನ್ ರೋಲು ತಣ್ಣಗಿದ್ದು, ಮೇಲೆ ಪಸೆ ಕಟ್ಟುತ್ತದೆ. ಆ ಪಸೆ ಶಾಖಕ್ಕೆ ಆವಿಯಾಗಿ ಅಂಚಿನಲ್ಲಿ ಗುಳ್ಳೆ ಏಳಿಸುತ್ತದೆ. ಹಿಂದಿನ ದಿನವೇ ರೋಲು ಒಳಗೆ ತಂದಿಡಿ, ಬೆಸೆಯುವ ಮೊದಲು ಒಣ ಹತ್ತಿಬಟ್ಟೆಯಲ್ಲಿ ಒರೆಸಿ.

ಮೊದಲು ಮೂರು ಬದಿ ಬೆಸೆದು ಚೀಲ ಮಾಡಿ. ಫೋಮನ್ನು ತೆಳುವಾದ ಪಾಲಿಥೀನ್ ಚೀಲಕ್ಕೆ ಹಾಕಿ ವ್ಯಾಕ್ಯೂಮ್ ಕ್ಲೀನರಿನಿಂದ ಗಾಳಿ ಎಳೆದರೆ ಅದು ಹಪ್ಪಳದಷ್ಟು ತೆಳ್ಳಗಾಗಿ ಗವಸಿನೊಳಗೆ ಸಲೀಸಾಗಿ ಜಾರುತ್ತದೆ. ಮೂಲೆಗಳಿಗೆ ಸರಿಯಾಗಿ ಕೂರಿಸಿ, ಪಾಲಿಥೀನ್ ಚೀಲ ಎಳೆದು ತೆಗೆಯಿರಿ. ಕಡೆಯ ಬದಿ ಮುಚ್ಚುವಾಗ ಫೋಮನ್ನು ಪಟ್ಟಿಯಿಂದ ಅರ್ಧ ಇಂಚಾದರೂ ಹಿಂದಕ್ಕೆ ಒತ್ತಿ ಹಿಡಿಯಲು ಇನ್ನೊಬ್ಬರು ಬೇಕು. ಒಬ್ಬರೇ ಮಾಡುವ ಕೆಲಸವಲ್ಲ ಇದು.

7. ಹರಿದು ನೋಡದೆ ನಂಬಬೇಡಿ

ದಿನದ ಮೊದಲ ಬೆಸುಗೆಯನ್ನು ಚೂರು ಹಾಳೆಯ ಮೇಲೆ ಹಾಕಿ. ಅಡ್ಡಲಾಗಿ ಒಂದಿಂಚಿನ ಪಟ್ಟಿ ಕತ್ತರಿಸಿ, ಎರಡು ತುದಿ ಹಿಡಿದು ಬಲವಾಗಿ ಎಳೆಯಿರಿ. ಹಾಳೆಯೇ ಹಿಗ್ಗಿ ಹರಿದು, ಬೆಸುಗೆ ಗಟ್ಟಿ ನಿಂತರೆ ಸರಿ. ಬೆಸುಗೆ ಸಿಪ್ಪೆಯ ಹಾಗೆ ಬಿಚ್ಚಿದರೆ ಶಾಖವೋ ಹೊತ್ತೋ ಸಾಲದು. ಬೆಸುಗೆಯ ಪಕ್ಕದ ಗೆರೆಯಲ್ಲೇ ಪಟಕ್ಕನೆ ತುಂಡಾದರೆ ಶಾಖ ಜಾಸ್ತಿ. ಹೊಸ ರೋಲು ತೆರೆದಾಗ, ಕರೆಂಟು ಹೋಗಿ ಬಂದಾಗ, ಟೆಫ್ಲಾನ್ ಬದಲಿಸಿದಾಗ ಮತ್ತೆ ಇದನ್ನೇ ಮಾಡಿ. ಪೂರ್ತಿಯಾದ ಮೆತ್ತೆಯ ಅಂಚಿಗೆ ಸೋಪಿನ ನೀರು ಹಚ್ಚಿ, ಗಾಳಿಯ ತೂತು (ಇದರ ಮಾತು ಮುಂದಿದೆ) ಮುಚ್ಚಿ ಮೇಲೆ ಕೂತರೆ ಎಲ್ಲಿ ನೊರೆ ಏಳುತ್ತದೋ ಅಲ್ಲಿ ಸೋರಿಕೆ.

8. ಗಾಳಿಗೆ ಒಂದು ದಾರಿ ಬಿಡಿ

ಸುತ್ತಲೂ ಬಿಗಿಯಾಗಿ ಮುಚ್ಚಿದ ಮೆತ್ತೆಯ ಮೇಲೆ ಯಾರಾದರೂ ಧೊಪ್ಪನೆ ಕೂತರೆ ಒಳಗಿನ ಗಾಳಿಗೆ ಹೋಗಲು ಜಾಗವಿಲ್ಲ. ಎಲ್ಲ ಒತ್ತಡವೂ ಅಂಚಿನ ಮೇಲೆ ಬೀಳುತ್ತದೆ. ಬಿಸಿಲಿನಲ್ಲಿ ಬಸ್ಸಿನ ಟಾಪಿಗೆ ಹಾಕಿದರೆ ತಾನೇ ಉಬ್ಬುತ್ತದೆ. ಬದಿಯಲ್ಲಿ ಒಂದು ಸಣ್ಣ ಹಿತ್ತಾಳೆ ಐಲೆಟ್, ಒಳಬದಿಗೆ ಜಾಲರಿ, ಇಷ್ಟಿದ್ದರೆ ಸಾಕು. ನೀರು ಬೀಳುವ ಮೇಲ್ಮೈಯಲ್ಲಿ ಮಾತ್ರ ತೂತು ಬೇಡ.

ಇದೇ ಗಾಳಿಯನ್ನು ಗುಣವಾಗಿ ಬಳಸಿಕೊಂಡವರೂ ಇದ್ದಾರೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ, ಬೋಯಿಂಗ್ ಕಂಪನಿಯ ಕೆಲಸ ಹೋದ ಎಂಜಿನಿಯರುಗಳು ಫೋಮನ್ನು ಗಾಳಿಯಾಡದ ಗವಸಿಗೆ ಪೂರ್ತಿ ಅಂಟಿಸಿ ಒಂದು ವಾಲ್ವ್ ಇಟ್ಟರು. ವಾಲ್ವ್ ತೆರೆದರೆ ಫೋಮು ಹಿಗ್ಗುತ್ತ ತಾನೇ ಗಾಳಿ ಎಳೆದುಕೊಳ್ಳುತ್ತದೆ. ಚಾರಣಿಗರು ಸುತ್ತಿ ಒಯ್ಯುವ ಹಾಸಿಗೆ ಹೀಗೆ ಬಂತು. ಅಲ್ಲೂ ಬಾಳಿಕೆಯೆಲ್ಲ ನಿಂತಿರುವುದು ಬೆಸುಗೆಯ ಮೇಲೆ.

9. ಕತ್ತರಿ ಹಿಡಿಯುವ ಮೊದಲು ಪೆನ್ಸಿಲ್ ಹಿಡಿಯಿರಿ

ಲಾಭ ಉಳಿಯುವುದು ಚೂರಿನಲ್ಲಿ. 72 ಇಂಚು ಉದ್ದ, 36 ಇಂಚು ಅಗಲದ ಫೋಮಿನಲ್ಲಿ 18 ಇಂಚಿನ ಚೌಕ ಮೆತ್ತೆ ಎಂಟು ಬರುತ್ತವೆ, ಒಂದು ಚೂರೂ ಉಳಿಯುವುದಿಲ್ಲ. ಆದರೆ ಎರಡಿಂಚು ದಪ್ಪದ ಆ ಮೆತ್ತೆಗೆ ಅಂಚು ಸೇರಿ 21 ಇಂಚಿನ ಹಾಳೆ ಬೇಕು. 54 ಇಂಚು ಅಗಲದ ರೆಕ್ಸಿನ್ನಿನಲ್ಲಿ ಅಡ್ಡಕ್ಕೆ ಎರಡೇ ಕೂರುತ್ತವೆ, 12 ಇಂಚು ಉಳಿಯುತ್ತದೆ. 15 ಇಂಚಿನ ಮೆತ್ತೆಯಾದರೆ ಹಾಳೆ 18 ಇಂಚು, ಅಡ್ಡಕ್ಕೆ ಮೂರು ಸರಿಯಾಗಿ ಕೂರುತ್ತವೆ. ಆಗ ಫೋಮಿನಲ್ಲಿ ಚೂರು ಉಳಿಯುತ್ತದೆ. ಎರಡರಲ್ಲಿ ಯಾವುದು ದುಬಾರಿಯೋ ಅದರ ಚೂರು ಕಡಿಮೆ ಮಾಡಿ. ಉಳಿದ ಫೋಮು ದಿಂಬಿಗೆ ಆಗುತ್ತದೆ, ಉಳಿದ ರೆಕ್ಸಿನ್ ಸಣ್ಣ ಮೆತ್ತೆಗೆ.

10. ಹೊಗೆ ಮತ್ತು ಬೆಂಕಿಯ ವಿಷಯದಲ್ಲಿ ಸಲಿಗೆ ಬೇಡ

ಪಿವಿಸಿ ಸೀದರೆ ಬರುವುದು ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ. ಗಂಟಲು ಉರಿಯುತ್ತದೆ, ಹತಾರಗಳಿಗೆ ತುಕ್ಕು ಹಿಡಿಯುತ್ತದೆ. ಮಿಷನ್ನಿನ ಪಕ್ಕದಲ್ಲೇ ಎಕ್ಸಾಸ್ಟ್ ಫ್ಯಾನ್ ಇರಲಿ. ಪಿಯು ಫೋಮನ್ನು ಬಿಸಿ ತಂತಿಯಿಂದ ಕೊಯ್ಯಬೇಡಿ, ಅದರ ಹೊಗೆ ವಿಷ. ಹರಿತವಾದ ಉದ್ದ ಚಾಕು ಅಥವಾ ಕರೆಂಟಿನ ಕತ್ತಿ ಬಳಸಿ.

ಫೋಮಿಗೆ ಬೆಂಕಿ ತಗುಲಿದರೆ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಯನೈಡ್ ಏಳುತ್ತವೆ. 1979ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ವುಲ್‌ವರ್ತ್ಸ್ ಅಂಗಡಿಯಲ್ಲಿ ಫೋಮಿನ ಪೀಠೋಪಕರಣಕ್ಕೆ ಬೆಂಕಿ ಹತ್ತಿ ಹತ್ತು ಜನ ಸತ್ತರು. ಆ ದೇಶ 1988ರಲ್ಲಿ ಪೀಠೋಪಕರಣಗಳಿಗೆ ಬೆಂಕಿ ಸುರಕ್ಷತೆಯ ಕಟ್ಟುನಿಟ್ಟಿನ ನಿಯಮ ತಂದಿತು. ನಮ್ಮ ಕಡೆ ಬಚ್ಚಲ ಒಲೆ ಹಚ್ಚಲು ಫೋಮಿನ ಚೂರು ಕೇಳಿಕೊಂಡು ಬರುತ್ತಾರೆ. ಎಷ್ಟೇ ಬೇಕಾದವರಿರಲಿ, ಕೊಡಬೇಡಿ. ಏಕೆಂದು ಕೂರಿಸಿ ಹೇಳಿ.

11. ಮಲಗಿದವರ ಹಾಸಿಗೆಗೆ ಮಾತೂ ಸೇರಿಸಿ ಕೊಡಿ

ಹಾಸಿಗೆ ಹಿಡಿದವರಿರುವ ಮನೆಯವರು ಬಂದರೆ ನಾವು ಎರಡು ಮಾತು ಹೇಳಿಯೇ ಕೊಡುತ್ತೇವೆ. ಒಂದು, ಪಿವಿಸಿ ಬೆವರು ಹೀರುವುದಿಲ್ಲ. ಮೇಲೆ ತೊಳೆಯಬಹುದಾದ ಹತ್ತಿಯ ಹೊದಿಕೆ ಹಾಸಿ, ಸುಕ್ಕಿರದಂತೆ ನೋಡಿಕೊಳ್ಳಿ. ಎರಡು, ಯಾವ ಫೋಮೂ ತಾನೊಂದೇ ಒತ್ತುಹುಣ್ಣನ್ನು ತಡೆಯದು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಲೇಬೇಕು; ಚರ್ಮ ಕೆಂಪಾಗಿ ಹಾಗೆಯೇ ಉಳಿದರೆ ಡಾಕ್ಟರಿಗೆ ತೋರಿಸಬೇಕು. ಅವರು ಗಾಳಿಯ ಹಾಸಿಗೆ ಬೇಕೆಂದರೆ ನಮ್ಮದನ್ನು ಕೊಳ್ಳುವುದು ಬೇಡ. ಮಾರಾಟ ಒಂದು ಕಡಿಮೆಯಾದರೆ ಆಗಲಿ.

12. ಸಾಲಕ್ಕೂ ಲೆಕ್ಕವಿರಲಿ

ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ 2008ರಿಂದ ಇದೆ. ಹಳ್ಳಿಯಲ್ಲಿ ಘಟಕ ಹಾಕುವ ಸಾಮಾನ್ಯ ವರ್ಗದವರಿಗೆ ಯೋಜನಾ ವೆಚ್ಚದ ಶೇ. 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು ಮೊದಲಾದವರಿಗೆ ಶೇ. 35 ಸಹಾಯಧನ ನಿಗದಿಯಾಗಿದೆ. ಸಹಾಯಧನ ಸಿಗುತ್ತದೆಂದು ಬೇಡದ ಮಿಷನ್ ಕೊಳ್ಳಬೇಡಿ. ಅಡಿಕೆ ಸುಗ್ಗಿ ಕಳೆದ ಮೇಲೂ ಕಂತು ಕಟ್ಟುವಷ್ಟು ಗಿರಾಕಿ ಇದ್ದಾರೆಯೇ ಎಂದು ಮೊದಲು ನೋಡಿಕೊಳ್ಳಿ.

13. ಮಾರಿದ ಮೇಲೂ ಮೆತ್ತೆ ನಮ್ಮ ಜವಾಬ್ದಾರಿ

ಹಿಂದೆ ಗಾದಿ ಚಪ್ಪಟೆಯಾದರೆ ಪಿಂಜಾರರು ಬಂದು ಅದೇ ಹತ್ತಿಯನ್ನು ಪಿಂಜಿ, ಹೊಸದಾಗಿ ಹೊಲಿದು ಕೊಡುತ್ತಿದ್ದರು. ಒಂದು ಗಾದಿ ಹಲವು ವರ್ಷ ಬಾಳುತ್ತಿತ್ತು. ಫೋಮನ್ನು ಪಿಂಜಲಾಗದು. ಆದರೆ ಗವಸು ಬದಲಿಸಬಹುದು, ಬಿಟ್ಟ ಅಂಚನ್ನು ಕತ್ತರಿಸಿ ಮತ್ತೆ ಬೆಸೆಯಬಹುದು. ಅದಕ್ಕೆಂದೇ ನಾವು ಒಂದು ಬದಿಯಲ್ಲಿ ಒಂದಿಂಚು ಹೆಚ್ಚು ಹಾಳೆ ಬಿಡುತ್ತೇವೆ. ಇಲಿ ಕಡಿದದ್ದು, ಕತ್ತಿ ತಾಗಿ ಸೀಳಿದ್ದು ಏನೇ ಬಂದರೂ ರಿಪೇರಿ ಮಾಡಿಕೊಡುತ್ತೇವೆ. ಹರಿದ ಕೂಡಲೇ ತಿಪ್ಪೆಗೆ ಹೋಗುವ ಮೆತ್ತೆ ಊರಿಗೆ ಪ್ಲಾಸ್ಟಿಕ್ ಕಸವನ್ನೇ ಹೆಚ್ಚಿಸುತ್ತದೆ.

ಕಲಿಯಲು ಬಂದವರಿಗೆ ನಾವು ಮೊದಲು ಮೆತ್ತೆ ಮಾಡಿಸುವುದಿಲ್ಲ, ಬರೀ ಅಂಚು ಬೆಸೆಯಲು ಹೇಳುತ್ತೇವೆ. ಬೆಸೆಯುವುದು, ಹರಿಯುವುದು, ನೋಡುವುದು, ಮತ್ತೆ ಬೆಸೆಯುವುದು. ಕೈಗೆ ಅದು ಹಿಡಿತಕ್ಕೆ ಬಂದ ಮೇಲೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ. ನೆಲದ ಮೇಲೆ ಕೂತು ದುಡಿಯುವವರು ನಮ್ಮ ಸುತ್ತಲೇ ಇದ್ದಾರೆ. ಅವರಿಗೆ ಬಾಳಿಕೆ ಬರುವ, ಕೈಗೆಟಕುವ ಮೆತ್ತೆಯನ್ನು ಅವರ ಊರಿನಲ್ಲೇ ಮಾಡಬಹುದು. ಮಾಡುವವರು ಇನ್ನೂ ಹತ್ತು ಊರಿನಲ್ಲಿ ಬೇಕು.