ಪೈರಿನ ಹುಳವೂ ಡಬ್ಬಿಯ ವಿಷವೂ

ಭತ್ತದ ಪೈರು ತೆನೆ ಕಟ್ಟುವ ಕಾಲದಲ್ಲಿ ಒಕ್ಕಲಿಗನ ಮನಸ್ಸಿನೊಳಗೆ ಆಸೆಯೂ ಭಯವೂ ಕೂಡಿಯೇ ಇರುತ್ತವೆ. ನಿನ್ನೆ ಹಸುರಾಗಿದ್ದ ಗದ್ದೆಯ ನಡುವೆ ಇಂದು ಬೆಂಕಿ ತಗಲಿದಂತೆ ಒಂದು ದುಂಡು ಭಾಗವು ಒಣಗಿ ನಿಂತರೆ ಅವನು ಮಾಡುವ ಮೊದಲನೆಯ ಕೆಲಸವೇನು? ಪೇಟೆಗೆ ಓಡಿ, ಅಂಗಡಿಯವನು ಕೊಟ್ಟ ಡಬ್ಬಿಯನ್ನು ತಂದು, ಅದೇ ಸಾಯಂಕಾಲ ಸಿಂಪಡಿಸುವದು. ಸಾಲ ಮಾಡಿ ನಾಟಿ ಮಾಡಿದವನು ಹೀಗೆ ಅವಸರಪಡುವದು ಆಶ್ಚರ್ಯವಲ್ಲ. ಆದರೆ ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯು ಇಲ್ಲಿ ಬಹಳ ಸತ್ಯವಾದದ್ದು. ಹುಳವನ್ನು ಕೊಲ್ಲುವದಕ್ಕೆ ಹಾಕಿದ ವಿಷವೇ ಹುಳವನ್ನು ಹೆಚ್ಚಿಸುವದುಂಟು. ಅದು ಹೇಗೆಂಬದನ್ನೂ ವಿಷವನ್ನು ಯಾವಾಗ, ಯಾವ ರೀತಿಯಲ್ಲಿ ಉಪಯೋಗಿಸತಕ್ಕದ್ದೆಂಬದನ್ನೂ ಈ ಪಾಠದಲ್ಲಿ ವಿಚಾರಿಸೋಣ.

1. ಶತ್ರುವನ್ನು ಗುರುತಿಸುವದು

ಮೇಲೆ ಹೇಳಿದ ಕೇಡನ್ನು ಮಾಡುವದು ಕಂದು ಜಿಗಿಹುಳು. ಅದು ಅಕ್ಕಿಯ ಕಾಳಿಗಿಂತಲೂ ಚಿಕ್ಕದು. ನೀರಿನ ಮಟ್ಟಕ್ಕೆ ತುಸು ಮೇಲೆ ಪೈರಿನ ಬುಡಕ್ಕೆ ಅಂಟಿಕೊಂಡು ರಸವನ್ನು ಹೀರುವದರಿಂದ, ಬದುವಿನ ಮೇಲೆ ನಿಂತು ನೋಡುವವನ ಕಣ್ಣಿಗೆ ಬೀಳುವದಿಲ್ಲ. ಗದ್ದೆಗೆ ಇಳಿದು, ಬುಡವನ್ನು ಬಾಗಿಸಿ ಕೈಯಿಂದ ತಟ್ಟಿದರೆ ಹುಳಗಳು ನೀರಿನ ಮೇಲೆ ಉದುರುತ್ತವೆ; ಆಗ ಅವುಗಳನ್ನು ಎಣಿಸಬಹುದು. ವಾರಕ್ಕೊಮ್ಮೆ ಗದ್ದೆಯ ಮೂಲೆಗಳಲ್ಲಿಯೂ ನಡುವೆಯೂ ಹೀಗೆ 20 ಬುಡಗಳನ್ನು ನೋಡತಕ್ಕದ್ದು. ಬುಡವೊಂದಕ್ಕೆ ಸುಮಾರು 10 ಹುಳಗಳಿಗಿಂತ ಕಡಿಮೆ ಕಂಡರೆ ವಿಷದ ಅಗತ್ಯವಿಲ್ಲ. ನಾಲ್ಕು ಹುಳ ಕಂಡೊಡನೆ ಪಂಪನ್ನು ಬೆನ್ನಿಗೇರಿಸುವದು ಹಣವನ್ನು ಕೆಸರಿಗೆ ಎಸೆದಂತೆ.

2. ಮಿತ್ರರನ್ನು ಅರಿಯುವದು

ಹುಳಗಳನ್ನು ಎಣಿಸುವಾಗ ಜೇಡಗಳನ್ನೂ ಎಣಿಸಬೇಕು. ಯಾಕಂದರೆ ಬುಡದಲ್ಲಿ ಓಡಾಡುವ ತೋಳಜೇಡವು ಜಿಗಿಹುಳವನ್ನು ಹಿಡಿದು ತಿನ್ನುತ್ತದೆ. ಹಸುರು ಬಣ್ಣದ ಒಂದು ಪುಟ್ಟ ತಿಗಣೆಯು ಅದರ ಮೊಟ್ಟೆಗಳ ರಸವನ್ನು ಹೀರುತ್ತದೆ. ಇವರು ಕೂಲಿ ಕೇಳದ ಆಳುಗಳು. ನಾವು ಅವಸರದಿಂದ ವಿಷ ಸಿಂಪಡಿಸಿದಾಗ ಮೊದಲು ಸಾಯುವವರು ಇವರೇ. ಜಿಗಿಹುಳವಾದರೋ ತನ್ನ ಮೊಟ್ಟೆಗಳನ್ನು ಪೈರಿನ ಒರೆಯೊಳಗೆ ಚುಚ್ಚಿ ಇಡುತ್ತದೆ. ಅಲ್ಲಿಗೆ ವಿಷವು ಚೆನ್ನಾಗಿ ಮುಟ್ಟುವದಿಲ್ಲ. ಕೆಲವು ದಿವಸಗಳಲ್ಲಿ ಮೊಟ್ಟೆಯೊಡೆದು ಬಂದ ಮರಿಗಳಿಗೆ ಶತ್ರುಗಳೇ ಇಲ್ಲದ ಗದ್ದೆಯು ಸಿಕ್ಕುತ್ತದೆ. ಆಗ ಅವು ಮುಂಚಿಗಿಂತಲೂ ಅಧಿಕವಾಗುತ್ತವೆ.

ಇದು ಬರೀ ಊಹೆಯ ಮಾತಲ್ಲ. ಭತ್ತವನ್ನೇ ನಂಬಿ ಬದುಕುವ ಇಂಡೋನೇಷ್ಯ ದೇಶದಲ್ಲಿ ಸರಕಾರವೇ ಕೀಟನಾಶಕಗಳನ್ನು ಅಗ್ಗದ ಬೆಲೆಗೆ ಹಂಚುತ್ತಿತ್ತು. ಆದರೂ ಜಿಗಿಹುಳದ ಹಾವಳಿ ಮತ್ತೆ ಮತ್ತೆ ಬಂತು. ಕಡೆಗೆ 1986ರಲ್ಲಿ ಅಲ್ಲಿಯ ಅಧ್ಯಕ್ಷರು 57 ಬಗೆಯ ಕೀಟನಾಶಕಗಳನ್ನು ಭತ್ತದ ಗದ್ದೆಗೆ ಹಾಕಬಾರದೆಂದು ಆಜ್ಞೆ ಮಾಡಿದರು. 1989ರಿಂದ ರೈತರು ಗದ್ದೆಯ ಬದುವಿನಲ್ಲಿಯೇ ಪಾಠಶಾಲೆ ನಡಿಸಿ, ಹುಳವನ್ನೂ ಜೇಡವನ್ನೂ ಎಣಿಸಲು ಕಲಿತರು. ವಿಷವು ಕಡಿಮೆಯಾಯಿತು, ಬೆಳೆಯು ಕಡಿಮೆಯಾಗಲಿಲ್ಲ.

3. ವಿಷಕ್ಕೆ ಮುಂಚೆ ಮಾಡತಕ್ಕದ್ದು

ಯೂರಿಯಾ ಗೊಬ್ಬರವನ್ನು ಮಿತಿಮೀರಿ ಹಾಕಬಾರದು. ಮೆತ್ತಗೆ ಸೊಂಪಾಗಿ ಬೆಳೆದ ಪೈರು ಜಿಗಿಹುಳಕ್ಕೆ ಔತಣವಿದ್ದಂತೆ. ನಾಟಿ ಮಾಡುವಾಗ ಪ್ರತಿ 2 ಅಥವಾ 3 ಮೀಟರಿಗೆ ಒಂದಡಿಯಷ್ಟು ಓಣಿಯನ್ನು ಬಿಟ್ಟರೆ ಬುಡಕ್ಕೆ ಗಾಳಿಯೂ ಬೆಳಕೂ ಸಿಕ್ಕುತ್ತವೆ. ಹುಳ ಹೆಚ್ಚುತ್ತಿರುವದನ್ನು ಕಂಡಾಗ ಗದ್ದೆಯ ನೀರನ್ನು ಮೂರು ನಾಲ್ಕು ದಿವಸ ಬಸಿದು ಬಿಡಬೇಕು. ಹುಳದ ಬಾಧೆಯನ್ನು ತಾಳುವ ತಳಿಗಳು ಯಾವವೆಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಬೀಜವನ್ನು ತರುವದು ಒಳ್ಳೇದು.

4. ವಿಷವನ್ನು ಹಾಕಲೇಬೇಕಾದರೆ

ಇಷ್ಟು ಮಾಡಿದರೂ ಹುಳವು ಮಿತಿ ದಾಟಿದರೆ ವಿಷವನ್ನು ಹಾಕಬಾರದೆಂದು ನಾವು ಹೇಳುವದಿಲ್ಲ. ಆದರೆ ಅಂಗಡಿಯವನ ಮಾತಿಗಿಂತ ಡಬ್ಬಿಯ ಚೀಟಿಯನ್ನು ನಂಬಿರಿ. ಅದರ ಮೇಲಿರುವ ತ್ರಿಕೋನದ ಬಣ್ಣವನ್ನು ನೋಡಿರಿ: ಕೆಂಪು ಎಲ್ಲಕ್ಕಿಂತ ಘೋರವಾದದ್ದು, ಹಳದಿ, ನೀಲಿ, ಹಸುರು ಕ್ರಮವಾಗಿ ಕಡಿಮೆಯಾದವು. ಹಸುರಾದದ್ದೂ ವಿಷವೇ. ಈ ಬೆಳೆಗೂ ಈ ಹುಳಕ್ಕೂ ಹೇಳಿದ್ದನ್ನೇ, ಹೇಳಿದ ಅಳತೆಯಲ್ಲಿಯೇ ಕಲಸಬೇಕು. ಎರಡು ಮೂರು ವಿಷಗಳನ್ನು ಮನಬಂದಂತೆ ಬೆರಸಬಾರದು. ಜಿಗಿಹುಳಕ್ಕಾದರೆ ಬುಡಕ್ಕೆ ಬೀಳುವಂತೆ ಹೊಡೆಯಬೇಕು. ಕೊಯ್ಲಿಗೆ ಎಷ್ಟು ದಿವಸ ಮುಂಚೆ ನಿಲ್ಲಿಸಬೇಕೆಂದು ಚೀಟಿಯಲ್ಲಿ ಬರೆದಿರುವದನ್ನು ಮೀರಬಾರದು. ಯಾಕಂದರೆ ಆ ಅನ್ನವನ್ನು ಉಣ್ಣುವವರು ಮನುಷ್ಯರು.

2017ರ ಮಳೆಗಾಲದಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿ ಹೊಲಗಳಿಗೆ ವಿಷ ಸಿಂಪಡಿಸಿದವರೊಳಗೆ ಸುಮಾರು 20 ಮಂದಿ ಸತ್ತರು. ನೂರಾರು ಮಂದಿ ಆಸ್ಪತ್ರೆ ಸೇರಿದರು. ಅವರಲ್ಲಿ ಅನೇಕರು ಕೂಲಿಗೆ ಹೋದವರು. ಆದದರಿಂದ ಸಿಂಪಡಿಸುವವನು ಸ್ವಂತ ಹೊಲದವನಾಗಲಿ ಕೂಲಿಯವನಾಗಲಿ, ತುಂಬುತೋಳಿನ ಅಂಗಿ, ಕೈಚೀಲ, ಮುಖಕ್ಕೆ ಮುಸುಕು ಇಲ್ಲದೆ ಹೊಲಕ್ಕೆ ಇಳಿಯಬಾರದು. ಗಾಳಿಗೆ ಎದುರಾಗಿ ನಡೆಯಬಾರದು. ಕಟ್ಟಿಕೊಂಡ ಪಂಪಿನ ಮೂತಿಯನ್ನು ಬಾಯಿಂದ ಊದಬಾರದು. ನಡುವೆ ಎಲೆಯಡಿಕೆ, ಬೀಡಿ ಕೂಡದು. ಕೆಲಸ ತೀರಿದ ಮೇಲೆ ಸಾಬೂನು ಹಚ್ಚಿ ಸ್ನಾನ ಮಾಡಿ, ಆ ಬಟ್ಟೆಗಳನ್ನು ಬೇರೆಯಾಗಿ ಒಗೆಯಬೇಕು. ಪಂಪನ್ನು ಕೆರೆಯಲ್ಲಿ ತೊಳೆಯಬಾರದು.

5. ಮನೆಯೊಳಗೆ ಡಬ್ಬಿ

ನಮ್ಮ ಸೀಮೆಗಳಲ್ಲಿ ಕೆಲವರು ಇದನ್ನು ಔಷಧಿ ಎನ್ನುತ್ತಾರೆ; ಕೆಲವರು ಎಣ್ಣೆ ಎನ್ನುತ್ತಾರೆ. ಹೆಸರು ಮೃದುವಾದರೆ ವಿಷವು ಮೃದುವಾಗುವದಿಲ್ಲ. 2013ರ ಜುಲೈ ತಿಂಗಳಲ್ಲಿ ಬಿಹಾರದ ಸಾರಣ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಸತ್ತರು. ಅಡಿಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕವು ಇತ್ತೆಂದು ಪರೀಕ್ಷೆಯಿಂದ ತಿಳಿದುಬಂತು. ತಾಯಂದಿರೇ, ತಂದೆಗಳೇ, ವಿಷದ ಡಬ್ಬಿಯನ್ನು ಅಡಿಗೆಮನೆಗೆ ತರಬೇಡಿರಿ. ಅದನ್ನು ಬೀಗದೊಳಗೆ ಇಡಿರಿ. ಅದನ್ನು ಬೇರೆ ಸೀಸೆಗೆ ಸುರಿಯಬೇಡಿರಿ. ಬರಿದಾದ ಡಬ್ಬಿಯನ್ನು ಮೂರಾವರ್ತಿ ತೊಳೆದು, ಆ ನೀರನ್ನು ಪಂಪಿಗೇ ಹಾಕಿ, ಡಬ್ಬಿಗೆ ತೂತು ಹೊಡೆಯಿರಿ. ಅದು ಎಷ್ಟು ಗಟ್ಟಿಯಾಗಿದ್ದರೂ ನೀರಿಗಾಗಲಿ ಎಣ್ಣೆಗಾಗಲಿ ಸಲ್ಲದು.

ಸಿಂಪಡಿಸಿದವನಿಗೆ ತಲೆಸುತ್ತು, ಅತಿ ಬೆವರು, ಜೊಲ್ಲು, ಕಣ್ಣು ಮಂಜಾಗುವದು, ನಡುಕ ಇವು ಕಂಡರೆ ಬಿಸಿಲಿನಿಂದ ಆಯಿತೆಂದು ಸುಮ್ಮನಿರಬಾರದು. ಬಟ್ಟೆಯನ್ನು ತೆಗೆದು, ಮೈಯನ್ನು ಸಾಬೂನಿನಿಂದ ತೊಳೆದು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ವಿಷವು ಹೊಟ್ಟೆಗೆ ಹೋಗಿದ್ದರೆ ವೈದ್ಯರು ಹೇಳದೆ ವಾಂತಿ ಮಾಡಿಸಬಾರದು. ಡಬ್ಬಿಯನ್ನಾಗಲಿ ಅದರ ಚೀಟಿಯನ್ನಾಗಲಿ ಕೂಡ ಒಯ್ಯಿರಿ. ಅದನ್ನು ನೋಡಿಯೇ ವೈದ್ಯರು ತಕ್ಕ ಮದ್ದನ್ನು ಕೊಡುವರು.

ಪ್ರಶ್ನೆಗಳು

(ಸಾಯಂಕಾಲ ಮನೆಯವರೆಲ್ಲರು ಕೂಡಿರುವಾಗ ಓದಿದವರು ಓದಲಾರದವರಿಗೆ ಈ ಪಾಠವನ್ನು ಓದಿ ಹೇಳಿ, ಇವುಗಳನ್ನು ಕೇಳತಕ್ಕದ್ದು.)

1. ಬದುವಿನ ಮೇಲೆ ನಿಂತವನಿಗೆ ಜಿಗಿಹುಳು ಯಾಕೆ ಕಾಣುವದಿಲ್ಲ?
2. ವಿಷ ಹಾಕಿದ ಮೇಲೆ ಹುಳವು ಹೆಚ್ಚುವದು ಹೇಗೆ?
3. ನಮ್ಮ ಗದ್ದೆಯ ಬುಡವೊಂದಕ್ಕೆ ಈ ವಾರ ಎಷ್ಟು ಹುಳ, ಎಷ್ಟು ಜೇಡ?
4. ನಮ್ಮ ಮನೆಯಲ್ಲಿ ವಿಷದ ಡಬ್ಬಿ ಈಗ ಎಲ್ಲಿದೆ? ಮಗುವಿನ ಕೈಗೆ ಅದು ನಿಲುಕುವದೋ?