ಹಗುರ ಸ್ಕೋಪ್ ಮೌಂಟ್: ಲೋಹದ ಆಯ್ಕೆ, ಅಳತೆ ಮತ್ತು ಕಾನೂನು

ಜಾಬ್ ವರ್ಕ್ ನಡೆಸುವ ಸಣ್ಣ ಕಾರ್ಖಾನೆಗೆ ಹೊಸ ಸರಕಿನ ವಿಚಾರಣೆ ಬಂದಾಗ ಮೊದಲು ಏಳುವ ಪ್ರಶ್ನೆ ದರದ್ದು. ಆದರೆ ಕೆಲವು ಸರಕುಗಳಲ್ಲಿ ದರಕ್ಕಿಂತ ಮೊದಲು ಲೋಹ, ಅಳತೆ ಹಾಗೂ ಕಾನೂನು ಇವು ಮೂರನ್ನೂ ತಿಳಿಯುವುದು ಅವಶ್ಯ. ರೈಫಲಿನ ಮೇಲೆ ದೂರದರ್ಶಕವನ್ನು ಕೂರಿಸುವ ಸ್ಕೋಪ್ ಮೌಂಟ್ ಅಂಥದೊಂದು ಸರಕು. ನೋಡಲು ಅಂಗೈಯಗಲದ ಲೋಹದ ತುಂಡು. ಆದರೆ ಅದರಲ್ಲಿ ಕೂದಲೆಳೆಯಷ್ಟು ದೋಷವಿದ್ದರೂ ಇಡೀ ರವಾನೆ ತಿರಸ್ಕೃತವಾಗಬಹುದು.

ಮಾರುಕಟ್ಟೆ ಎಲ್ಲಿದೆ?

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ವಯ ಬೇಟೆ ನಿಷಿದ್ಧವಾಗಿದೆ. ಕಲಘಟಗಿಯ ಕಾಡಂಚಿಗೂ ನವಲಗುಂದದ ಎರೆ ಹೊಲಕ್ಕೂ ಈ ನಿಯಮ ಒಂದೇ. ಆದ್ದರಿಂದ ಪರ್ವತ ಬೇಟೆಯ ರೈಫಲಿಗೆ ಬೇಕಾಗುವ ಮೌಂಟಿನ ಗಿರಾಕಿ ಇರುವುದು ಪರವಾನಿಗೆಯ ಬೇಟೆಗೆ ಅವಕಾಶವಿರುವ ಯುರೋಪಿನ ಆಲ್ಪ್ಸ್, ಅಮೆರಿಕದ ರಾಕಿ ಪರ್ವತ ಹಾಗೂ ನ್ಯೂಜಿಲೆಂಡ್‌ಗಳ ಕಡೆ. ದೇಶದೊಳಗೆ ಇಂಥ ಮೌಂಟಿಗೆ ಬೇಡಿಕೆ ಇರುವುದು ಮುಖ್ಯವಾಗಿ ಏರ್ ರೈಫಲ್ ಹವ್ಯಾಸಿಗಳಿಂದ. ಅಂತರರಾಷ್ಟ್ರೀಯ ನಿಯಮದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ದೂರದರ್ಶಕಕ್ಕೆ ಅವಕಾಶವಿಲ್ಲವೆಂಬುದನ್ನು ವ್ಯಾಪಾರಿಗಳು ನೆನಪಿನಲ್ಲಿಡಬೇಕು.

ಪರ್ವತವೇರುವ ಬೇಟೆಗಾರನು ದಿನವಿಡೀ ರೈಫಲನ್ನು ಹೆಗಲ ಮೇಲೆ ಹೊರುತ್ತಾನೆ. ಹೀಗಾಗಿ ಪ್ರತಿ ಗ್ರಾಮಿಗೂ ಅವನು ಲೆಕ್ಕ ಕೇಳುತ್ತಾನೆ. ಆದರೆ ರೈಫಲ್ ಹಗುರವಾದಷ್ಟೂ ಗುಂಡು ಹಾರಿದಾಗ ಅದು ಹಿಂದಕ್ಕೆ ಒದೆಯುವ ವೇಗ ಹೆಚ್ಚು. ಸುಮಾರು ಅರ್ಧ ಕಿಲೋ ತೂಗುವ ದೂರದರ್ಶಕವನ್ನು ಆ ಒದೆತದಲ್ಲಿ ಕದಲದಂತೆ ಹಿಡಿಯಬೇಕಾದುದು ಈ ಮೌಂಟ್. ಹಗುರತನ ಮತ್ತು ಬಿಗಿತನ ಎರಡನ್ನೂ ಹೊಂದಿಸುವುದೇ ಇಲ್ಲಿನ ಸವಾಲು.

ಲೋಹದ ಆಯ್ಕೆ

15 ಘನ ಸೆಂಟಿಮೀಟರ್ ಲೋಹ ಹಿಡಿಯುವ ಮೌಂಟನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಉಕ್ಕಿನಲ್ಲಿ ಅದರ ತೂಕ ಸುಮಾರು 118 ಗ್ರಾಂ, ಟೈಟಾನಿಯಂ ಮಿಶ್ರಲೋಹದಲ್ಲಿ 66 ಗ್ರಾಂ, 7075 ಅಲ್ಯೂಮಿನಿಯಂನಲ್ಲಿ 42 ಗ್ರಾಂ. ಟೈಟಾನಿಯಂ ಬಲಶಾಲಿ, ಆದರೆ ದುಬಾರಿ, ಕೊರೆಯುವುದೂ ಕಷ್ಟ. ಆದ್ದರಿಂದ 7075-ಟಿ6 ಅಲ್ಯೂಮಿನಿಯಂ ಹೆಚ್ಚಿನ ತಯಾರಕರ ಆಯ್ಕೆಯಾಗಿದೆ.

ಇಲ್ಲಿಯೇ ಮೋಸ ಹೋಗುವ ಸಂಭವವಿದೆ. ಅಗ್ಗವಾದ 6061-ಟಿ6 ಸಹ ಕಣ್ಣಿಗೆ ಹಾಗೆಯೇ ಕಾಣುತ್ತದೆ; ತೂಕದಲ್ಲಿಯೂ ಅಲ್ಪ ವ್ಯತ್ಯಾಸ. ಆದರೆ ಮಣಿಯುವ ಮುನ್ನ ಅದು ತಡೆಯುವ ಒತ್ತಡ ಸುಮಾರು 275 ಮೆಗಾಪಾಸ್ಕಲ್. 7075ರದು ಸುಮಾರು 500. ಬ್ರಿನೆಲ್ ಗಡಸುತನ ಪರೀಕ್ಷೆಯಲ್ಲಿ ಮೊದಲನೆಯದು 95ರ ಆಸುಪಾಸು, ಎರಡನೆಯದು 150ರ ಆಸುಪಾಸು ಬರುತ್ತದೆ. ಆದ್ದರಿಂದ ಪ್ರತಿ ಲಾಟಿಗೂ ಮಿಲ್ಲಿನ ಪರೀಕ್ಷಾ ಪ್ರಮಾಣಪತ್ರ ಕೇಳಿ ಪಡೆಯಿರಿ. ಒಂದೆರಡು ತುಂಡುಗಳ ಗಡಸುತನವನ್ನು ಸ್ವತಃ ಪರೀಕ್ಷಿಸಿರಿ.

ಅಳತೆಯ ಶಿಸ್ತು

ದೂರದರ್ಶಕದ ಕೊಳವೆಗಳು ಸಾಮಾನ್ಯವಾಗಿ 25.4, 30 ಹಾಗೂ 34 ಮಿ.ಮೀ. ವ್ಯಾಸದವು. ಎರಡು ರಿಂಗುಗಳ ನಡುವೆ 100 ಮಿ.ಮೀ. ಅಂತರವಿದ್ದು, ಒಂದು ರಿಂಗು ಇನ್ನೊಂದಕ್ಕಿಂತ 0.01 ಮಿ.ಮೀ. ಎತ್ತರವಾದರೆ ದೃಷ್ಟಿರೇಖೆ 100 ಮೀಟರಿನಲ್ಲಿ 10 ಮಿ.ಮೀ., 300 ಮೀಟರಿನಲ್ಲಿ 30 ಮಿ.ಮೀ. ಸರಿಯುತ್ತದೆ. ಅಲ್ಪ ವ್ಯತ್ಯಾಸವನ್ನು ದೂರದರ್ಶಕದ ತಿರುಗಣೆಯಿಂದ ಸರಿಪಡಿಸಬಹುದು. ಆದರೆ ಓರೆಯಾದ ರಿಂಗುಗಳು ಕೊಳವೆಯನ್ನೇ ಬಾಗಿಸುತ್ತವೆ.

ಹಾರ್ಡ್ ಅನೋಡೈಜಿಂಗ್ ಮಾಡಿಸುವಾಗ ಇನ್ನೊಂದು ಎಚ್ಚರ ಅಗತ್ಯ. 50 ಮೈಕ್ರಾನ್ ಲೇಪದಲ್ಲಿ ಸುಮಾರು ಅರ್ಧದಷ್ಟು ಲೋಹದ ಹೊರಕ್ಕೆ ಬೆಳೆಯುತ್ತದೆ. ಅಂದರೆ ರಿಂಗಿನ ಒಳವ್ಯಾಸ ಸುಮಾರು 50 ಮೈಕ್ರಾನ್ ಕಿರಿದಾಗುತ್ತದೆ. ಕೊರೆಯುವಾಗಲೇ ಇದಕ್ಕೆ ಜಾಗ ಬಿಡಬೇಕು.

ಪಿಕಾಟಿನಿ ಹಳಿಯ ಗಾಡಿಗಳು 5.23 ಮಿ.ಮೀ. ಅಗಲ, 10.01 ಮಿ.ಮೀ. ಅಂತರದವು. ವೀವರ್ ಮಾದರಿಯ ಗಾಡಿ 4.57 ಮಿ.ಮೀ. ಮಾತ್ರ. ಆದ್ದರಿಂದ ಪಿಕಾಟಿನಿ ಮೌಂಟಿನ ಅಡ್ಡಪಟ್ಟಿ ವೀವರ್ ಗಾಡಿಯೊಳಗೆ ಇಳಿಯದು. ಫಿನ್‌ಲೆಂಡಿನ ಟಿಕ್ಕಾದಂಥ ರೈಫಲುಗಳ ಮೈಮೇಲೆಯೇ 17 ಮಿ.ಮೀ. ಡವ್‌ಟೇಲ್ ಇರುತ್ತದೆ, ಅಲ್ಲಿ ರಿಂಗುಗಳನ್ನು ನೇರವಾಗಿ ಕೂರಿಸಿದರೆ ಬೇಸಿನ ತೂಕವೇ ಉಳಿಯುತ್ತದೆ. ಗಿರಾಕಿಯ ರೈಫಲ್ ಯಾವುದೆಂದು ತಿಳಿಯದೆ ನಕ್ಷೆ ಒಪ್ಪಬಾರದು.

ತೂಕ ಎಲ್ಲಿ ಕಡಿಮೆ ಮಾಡಬೇಕು?

ಕೂರಿಗೆಯ ತಾಳು ಸಡಿಲವಾದರೆ, ಈಸು ಎಷ್ಟು ದಪ್ಪವಿದ್ದರೂ ಸಾಲು ಸೊಟ್ಟಾಗುತ್ತದೆ. ಮೌಂಟಿನ ಸ್ಥಿತಿಯೂ ಅದೇ. ನಡುವಿನ ಅನಗತ್ಯ ಲೋಹವನ್ನು ಕೆತ್ತಿ ತೆಗೆಯಬಹುದು, ಎತ್ತರ ತಗ್ಗಿಸಬಹುದು, ಒಂದೇ ಉದ್ದನೆಯ ಬೇಸಿನ ಬದಲು ಎರಡು ತುಂಡು ಬಳಸಬಹುದು. ಆದರೆ ಒದೆತವನ್ನು ತಡೆಯುವ ಅಡ್ಡಪಟ್ಟಿ, ತಿರುಪಿನ ಮರೆ ಹಿಡಿಯುವ ಆಳ ಹಾಗೂ ಕೊಳವೆಯನ್ನು ಅಪ್ಪುವ ಅಗಲ ಇವುಗಳಲ್ಲಿ ಉಳಿತಾಯ ಸಲ್ಲದು. ರಿಂಗಿನ ಮೇಲ್ಭಾಗದ ತಿರುಪುಗಳಿಗೆ ಸಾಮಾನ್ಯವಾಗಿ 2 ನ್ಯೂಟನ್ ಮೀಟರಿನ ಆಸುಪಾಸಿನ ಬಿಗಿತ ಸಾಕು. ಹೆಚ್ಚಾದರೆ ಕೊಳವೆ ನೆಗ್ಗುತ್ತದೆ. ಬಿಗಿತದ ಅಂಕಿಯನ್ನು ಪೆಟ್ಟಿಗೆಯ ಮೇಲೆ ಮುದ್ರಿಸುವುದು ಲೇಸು.

ಕಾನೂನು

1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯೆಯಲ್ಲಿ ಶಸ್ತ್ರಗಳ ಭಾಗಗಳೂ ಸೇರಿವೆ; ತಯಾರಿಕೆಗೆ ಪರವಾನಿಗೆಯ ವಿಧಿಗಳು 2016ರ ನಿಯಮಗಳಲ್ಲಿವೆ. ರಫ್ತಿಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಸ್ಕೋಮೆಟ್ ಪಟ್ಟಿಯನ್ನೂ ನೋಡಬೇಕು. ಆದ್ದರಿಂದ ಮಾದರಿ ತುಂಡು ಕೊರೆಯುವ ಮೊದಲೇ ನಕ್ಷೆಸಹಿತ ಅರ್ಜಿ ಸಲ್ಲಿಸಿ ಸಂಬಂಧಿತ ಅಧಿಕಾರಿಗಳಿಂದ ಲಿಖಿತ ಸ್ಪಷ್ಟೀಕರಣ ಪಡೆಯಬೇಕು. ಮಧ್ಯವರ್ತಿಯ ಬಾಯಿಮಾತನ್ನು ನಂಬಿ ಕೆಲಸ ಆರಂಭಿಸಿದರೆ ನಷ್ಟ ಹಣದಲ್ಲಿಯೇ ಮುಗಿಯದು.

ಅಣ್ಣಿಗೇರಿಯ, ಕುಂದಗೋಳದ ವರ್ಕ್‌ಶಾಪುಗಳಲ್ಲಿ ಲೇತ್ ನಡೆಸುವ ಕೈಗಳಿಗೆ ಕಸುಬಿನ ಕೊರತೆಯಿಲ್ಲ. ಅದಕ್ಕೆ ಲೋಹದ ಪ್ರಮಾಣಪತ್ರ, ಅಳತೆಯ ದಾಖಲೆ ಮತ್ತು ಕಾನೂನಿನ ಕಾಗದ ಜೊತೆಗೂಡಿದಾಗ ಮಾತ್ರ ದೂರದ ಗಿರಾಕಿ ಎರಡನೆಯ ಬಾರಿ ಆರ್ಡರ್ ಕಳಿಸುತ್ತಾನೆ. ಹಗುರವಾಗಬೇಕಾದುದು ಲೋಹ ಮಾತ್ರ, ಹೊಣೆಯಲ್ಲ.