ರಕ್ತದೊತ್ತಡದ ಗುಳಿಗೆಯನ್ನು ಜಾಗ್ರತೆಯಿಂದ ತೆಗೆದುಕೊಳ್ಳುವ ವಿಷಯ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲೂಕುಗಳ ಹಳ್ಳಿಗಳಲ್ಲಿ ಗೋಡೆಯ ಗೂಡಿನೊಳಗೆ ರಕ್ತದೊತ್ತಡದ ಗುಳಿಗೆಗಳನ್ನು ಇಟ್ಟುಕೊಂಡಿರುವ ಮನೆಗಳು ಈಗ ಅನೇಕವಾಗಿವೆ. ವೈದ್ಯರು ಪರೀಕ್ಷಿಸಿ ಬರೆದುಕೊಟ್ಟ ಒಳ್ಳೇ ಔಷಧವೇ ಅದು. ಆದರೆ ಔಷಧವು ಒಳ್ಳೇದಾಗಿದ್ದರೆ ಸಾಲದು. ಅದನ್ನು ತೆಗೆದುಕೊಳ್ಳುವ ಕ್ರಮವೂ ಒಳ್ಳೇದಾಗಿರಬೇಕು. ಕೆಲವರು ಮೈ ಹಗುರವಾದ ದಿನವೇ ಗುಳಿಗೆಯನ್ನು ಬಿಡುತ್ತಾರೆ. ಕೆಲವರು ನೆರೆಮನೆಯವರ ಗುಳಿಗೆಯನ್ನು ನುಂಗುತ್ತಾರೆ. ಕೆಲವರು ನಿನ್ನೆ ಮರೆತದ್ದನ್ನು ಇಂದು ಎರಡಾಗಿ ತೆಗೆದುಕೊಳ್ಳುತ್ತಾರೆ. ಈ ಮೂರರಿಂದಲೂ ಕೇಡುಂಟಾಗುವದು. ಆದಕಾರಣ ಈ ಪಾಠದಲ್ಲಿ ನಾವು ಈ ವಿಷಯವನ್ನು ಕ್ರಮವಾಗಿ ವಿಚಾರಿಸೋಣ.

1. ಈ ರೋಗದ ಸ್ವಭಾವ

ಹೃದಯವು ರಕ್ತವನ್ನು ನಾಳಗಳೊಳಗೆ ನೂಕುವಾಗ ಆ ರಕ್ತವು ನಾಳದ ಗೋಡೆಗಳನ್ನು ಒತ್ತುತ್ತದೆ. ಇದೇ ರಕ್ತದೊತ್ತಡ. ಇದು ಎಲ್ಲರಲ್ಲಿಯೂ ಇರತಕ್ಕದ್ದು. ಇದು ಹೆಚ್ಚಾಗಿ ನಿಂತರೆ ಮಾತ್ರ ರೋಗ. ಅಳತೆಯಲ್ಲಿ ಎರಡು ಅಂಕೆಗಳಿವೆ. ಹೃದಯವು ಕುಗ್ಗಿ ರಕ್ತವನ್ನು ನೂಕುವಾಗಿನ ಒತ್ತಡವು ಮೇಲಿನದು, ಅದು ಸಡಿಲುವಾಗಿನದು ಕೆಳಗಿನದು. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ ಮೇಲಿನದು 140 ಅಥವಾ ಕೆಳಗಿನದು 90, ಇಲ್ಲವೆ ಅದಕ್ಕಿಂತ ಹೆಚ್ಚು ಕಂಡುಬಂದರೆ ವೈದ್ಯರು ಅದನ್ನು ಅಧಿಕ ರಕ್ತದೊತ್ತಡವೆಂದು ನಿರ್ಣಯಿಸುವರು.

ನಮ್ಮ ಸೀಮೆಯ ಕೆರೆಗಳನ್ನು ನೆನಸಿರಿ. ತುಂಬಿದ ಕೆರೆಯ ನೀರು ಹಗಲಿರುಳು ಏರಿಯನ್ನು ಒತ್ತುತ್ತಿದ್ದರೂ ಶಬ್ದವೇನೂ ಕೇಳುವದಿಲ್ಲ. ಏರಿಯು ಒಡೆದ ದಿನ ಮಾತ್ರ ಊರೆಲ್ಲಾ ಎಚ್ಚರವಾಗುವದು. ಈ ರೋಗವೂ ಹಾಗೆಯೇ. ಬಹುಮಂದಿಗೆ ತಲೆನೋವಾಗಲಿ ತಲೆಸುತ್ತಾಗಲಿ ಇರುವದಿಲ್ಲ. ಅವರು ಉಂಡು, ದುಡಿದು, ನಿದ್ರೆಮಾಡುತ್ತಿರುವಾಗಲೇ ಮಿದುಳು, ಹೃದಯ, ಮೂತ್ರಪಿಂಡ, ಕಣ್ಣು ಇವುಗಳ ನಾಳಗಳು ಒಳಗೊಳಗೆ ಕೆಡುತ್ತವೆ. ಕಡೆಗೆ ಒಂದು ದಿನ ಪಾರ್ಶ್ವವಾಯುವೋ ಹೃದಯಾಘಾತವೋ ಬಂದಾಗ, 'ನಿನ್ನೆಯವರೆಗೆ ಗಟ್ಟಿಮುಟ್ಟಾಗಿದ್ದನಲ್ಲಾ' ಎಂದು ಜನರು ಆಶ್ಚರ್ಯಪಡುತ್ತಾರೆ.

ಹೀಗಿರಲಾಗಿ ಈ ಪಾಠದ ಮುಖ್ಯ ಮಾತು ಇದೇ: ಈ ರೋಗದಲ್ಲಿ ನಮ್ಮ ಮೈಯು ಹೇಳುವ ಸಾಕ್ಷಿಯನ್ನು ನಂಬಕೂಡದು, ಅಳತೆಯ ಸಾಕ್ಷಿಯನ್ನೇ ನಂಬಬೇಕು.

2. ಗುಳಿಗೆಯು ಮಾಡುವ ಕೆಲಸ

ಸರಕಾರಿ ದವಾಖಾನೆಗಳಲ್ಲಿ ಸಾಧಾರಣವಾಗಿ ಕೊಡುವ ಗುಳಿಗೆಗಳಲ್ಲಿ ಅಮ್ಲೋಡಿಪಿನ್ ಎಂಬದು ಸಣ್ಣ ನಾಳಗಳ ಬಿಗಿಯನ್ನು ಸಡಿಲಿಸುತ್ತದೆ. ಟೆಲ್ಮಿಸಾರ್ಟನ್ ಎಂಬದು ನಾಳಗಳನ್ನು ಬಿಗಿಸುವ ದೇಹರಸವನ್ನು ತಡೆಯುತ್ತದೆ. ಕ್ಲೋರ್‌ಥಾಲಿಡೋನ್ ಎಂಬದು ಹೆಚ್ಚಿನ ಉಪ್ಪನ್ನೂ ನೀರನ್ನೂ ಮೂತ್ರದ ದಾರಿಯಾಗಿ ಹೊರಗೆ ಕಳುಹಿಸುತ್ತದೆ. ಆದದರಿಂದ ಇದನ್ನು ಬೆಳಿಗ್ಗೆ ತೆಗೆದುಕೊಳ್ಳಲು ಹೇಳುವದುಂಟು.

ಇವು ಕೆರೆಯ ತೂಬಿನಂತಿವೆ. ತೂಬು ತೆರೆದಿರುವ ವರೆಗೆ ನೀರು ಮಟ್ಟದಲ್ಲಿರುವದು. ಮುಚ್ಚಿದರೆ ತಿರಿಗಿ ಏರುವದು. ಅಳತೆಯಲ್ಲಿ 130, 80 ಎಂದು ಬಂದರೆ, 'ರೋಗ ಹೋಯಿತು, ಗುಳಿಗೆ ಯಾಕೆ?' ಎಂದು ಹೇಳುವವರುಂಟು. ರೋಗವು ಹೋಗಲಿಲ್ಲ, ಗುಳಿಗೆಯು ಅದನ್ನು ಹಿಡಿದಿಟ್ಟಿದೆ. ಕಡಿಮೆ ಮಾಡತಕ್ಕದ್ದೋ ಬಿಡತಕ್ಕದ್ದೋ ಎಂಬದನ್ನು ವೈದ್ಯರೇ ಹೇಳಬೇಕು. ಅಟೆನೊಲಾಲ್, ಮೆಟೊಪ್ರೊಲಾಲ್, ಕ್ಲೋನಿಡಿನ್ ಎಂಬ ಗುಳಿಗೆಗಳನ್ನಂತೂ ಥಟ್ಟನೆ ಬಿಟ್ಟರೆ ಒತ್ತಡವು ಏಕಾಏಕಿ ಏರುವ ಅಪಾಯವೂ, ಹೃದ್ರೋಗವುಳ್ಳವರಿಗೆ ಎದೆನೋವಿನ ಅಪಾಯವೂ ಉಂಟು.

3. ಗುಳೆ ಹೋಗುವವರಿಗೆ ಒಂದು ಮಾತು

ಮಳೆ ತಪ್ಪಿದ ವರುಷ ನಮ್ಮ ತಾಲೂಕುಗಳಿಂದ ಅನೇಕರು ಮಲೆನಾಡಿನ ಕಾಫಿ ತೋಟಗಳಿಗೂ, ಮಂಡ್ಯದ ಕಡೆಯ ಕಬ್ಬಿನ ಗದ್ದೆಗಳಿಗೂ, ಬೆಂಗಳೂರಿನ ಕಟ್ಟಡದ ಕೆಲಸಕ್ಕೂ ಗುಳೆ ಹೋಗುತ್ತಾರೆ. ಒಬ್ಬ ಕೂಲಿಯವನು ಹದಿನೈದು ದಿನದ ಗುಳಿಗೆಯನ್ನು ಕಟ್ಟಿಕೊಂಡು ಮೂರು ತಿಂಗಳ ಕೆಲಸಕ್ಕೆ ಹೋದನೆಂದು ಎಣಿಸೋಣ. ಗುಳಿಗೆ ಮುಗಿಯಿತು. ಮೈಯಲ್ಲಿ ತೊಂದರೆಯೇನೂ ಕಾಣಲಿಲ್ಲ. 'ಊರಿಗೆ ಹೋದ ಮೇಲೆ ನೋಡೋಣ' ಎಂದನು. ಉಳಿದ ಎರಡೂವರೆ ತಿಂಗಳು ಏರಿಯ ಮೇಲೆ ನೀರು ಒತ್ತುತ್ತಲೇ ಇತ್ತು.

ಇದಕ್ಕೆ ಉಪಾಯವೇನಂದರೆ, ಹೊರಡುವದಕ್ಕೆ ಮುಂಚಿತವಾಗಿಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, 'ಇಷ್ಟು ದಿನ ಹೊರಗಿರುತ್ತೇವೆ' ಎಂದು ತಿಳಿಸಿ, ಕೊಡುವಷ್ಟು ಗುಳಿಗೆಯನ್ನು ತೆಗೆದುಕೊಳ್ಳಬೇಕು. ವೈದ್ಯರ ಚೀಟಿಯನ್ನೂ ಅಳತೆಗಳನ್ನು ಬರೆದ ಪುಸ್ತಕವನ್ನೂ ಸಂಗಡ ಒಯ್ಯಬೇಕು. ಅದನ್ನು ತೋರಿಸಿದರೆ, ಹೋದ ಊರಿನ ಸರಕಾರಿ ದವಾಖಾನೆಯ ವೈದ್ಯರಿಗೂ ಚಿಕಿತ್ಸೆಯನ್ನು ಮುಂದುವರಿಸುವದು ಸುಲಭವಾಗುವದು. ಇನ್ನು ಏಳು ಗುಳಿಗೆ ಉಳಿದಿರುವಾಗಲೇ ಹೊಸದಕ್ಕೆ ಹೋಗಬೇಕು. ಪಟ್ಟಿಯು ಬರಿದಾಗುವ ವರೆಗೆ ಕಾಯಬಾರದು.

4. ಜಾಗ್ರತೆಯ ನಿಯಮಗಳು

(ಅ) ಹೊತ್ತು. ದಿನಾಲು ಒಂದೇ ಹೊತ್ತಿಗೆ ತೆಗೆದುಕೊಳ್ಳಿರಿ. ಮರೆತರೆ, ಅದೇ ದಿನ ನೆನಪಾದಾಗ ತೆಗೆದುಕೊಳ್ಳಬಹುದು. ಮುಂದಿನ ಗುಳಿಗೆಯ ಹೊತ್ತು ಹತ್ತಿರವಾಗಿದ್ದರೆ ಮರೆತದ್ದನ್ನು ಬಿಟ್ಟುಬಿಡಿರಿ. ಎರಡನ್ನು ಒಟ್ಟಿಗೆ ನುಂಗಬೇಡಿರಿ.

(ಆ) ಅಂಗಡಿ. 1940ನೆಯ ಇಸವಿಯ ಔಷಧಗಳ ಕಾಯಿದೆಯ ಕೆಳಗೆ 1945ರಲ್ಲಿ ಮಾಡಿದ ನಿಯಮಗಳ ಪ್ರಕಾರ ಈ ಗುಳಿಗೆಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದು. ಈ ನಿಯಮವು ನಮ್ಮನ್ನು ಅಲೆದಾಡಿಸುವದಕ್ಕಲ್ಲ, ಕಾಪಾಡುವದಕ್ಕೇ ಇದೆ. ಯಾಕಂದರೆ ಒಬ್ಬರಿಗೆ ಹಿತವಾದದ್ದು ಇನ್ನೊಬ್ಬರಿಗೆ ವಿಷವಾಗಬಹುದು. ಅತ್ತೆಗೆ ಬರೆದ ಟೆಲ್ಮಿಸಾರ್ಟನನ್ನು ಬಸುರಿಯಾದ ಸೊಸೆಯು ತೆಗೆದುಕೊಂಡರೆ ಹೊಟ್ಟೆಯೊಳಗಿನ ಕೂಸಿಗೆ ಕೇಡಾಗುವದು. ಆ ಗುಳಿಗೆಯನ್ನು ತಾನೇ ತೆಗೆದುಕೊಳ್ಳುತ್ತಿರುವ ಸ್ತ್ರೀಯು ಮುಟ್ಟು ನಿಂತ ಕೂಡಲೆ ವೈದ್ಯರಿಗೆ ತಿಳಿಸಬೇಕು.

(ಇ) ನೋವಿನ ಗುಳಿಗೆ. ದಿನವೆಲ್ಲಾ ಕಳೆ ತೆಗೆದು ಅಥವಾ ಕಲ್ಲು ಹೊತ್ತು ಬಂದವರು ರಾತ್ರಿ ಮೈಕೈನೋವಿಗೆಂದು ಅಂಗಡಿಯಿಂದ ಡೈಕ್ಲೋಫಿನಾಕ್ ಅಥವಾ ಐಬುಪ್ರೊಫೆನ್ ತಂದು ನುಂಗುವದುಂಟು. ಇವು ಒತ್ತಡವನ್ನು ಏರಿಸುತ್ತವೆ. ಟೆಲ್ಮಿಸಾರ್ಟನ್, ಕ್ಲೋರ್‌ಥಾಲಿಡೋನ್ ಇವುಗಳೊಂದಿಗೆ ಸೇರಿದರೆ ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ನೋವಿದ್ದರೆ ವೈದ್ಯರನ್ನು ಕೇಳಿರಿ; ಬೀಪಿ ಗುಳಿಗೆ ತೆಗೆದುಕೊಳ್ಳುತ್ತೇನೆಂದು ಮೊದಲೇ ಹೇಳಿರಿ.

(ಈ) ಬೇರು ಮತ್ತು ಪುಡಿ. ನಾರುಬೇರಿನಿಂದ ಕೇಡಿಲ್ಲವೆಂಬುವವರು ಸರ್ಪಗಂಧದ ಚರಿತ್ರೆಯನ್ನು ತಿಳಿಯಲಿ. ಆ ಬೇರು ಒತ್ತಡವನ್ನು ಇಳಿಸುವದೆಂದು 1931ರಲ್ಲಿ ಕಲ್ಕತ್ತೆಯ ಸೇನ್ ಮತ್ತು ಬೋಸ್ ಎಂಬ ವೈದ್ಯರು ಬರೆದರು; 1949ರಲ್ಲಿ ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲರು ಅದನ್ನು ಹೊರದೇಶಗಳಿಗೂ ತಿಳಿಯಪಡಿಸಿದರು. ಗುಣವುಳ್ಳ ಬೇರು ಎಂಬದು ನಿಜವೇ. ಆದರೆ ಅದೇ ಬೇರಿನ ಸತ್ವವು ಪ್ರಮಾಣ ಮೀರಿದಾಗ ಮನಸ್ಸನ್ನು ಬಹಳವಾಗಿ ಕುಗ್ಗಿಸುವದೆಂದು ತರುವಾಯ ತಿಳಿದುಬಂತು. ಬಲವುಳ್ಳ ಬೇರಿಗೂ ಅಳತೆ ಬೇಕು. ಹೆಸರಿಲ್ಲದ ಪುಡಿಯನ್ನು ಗುಳಿಗೆಯ ಸಂಗಡ ಬೆರಸಬೇಡಿರಿ.

(ಉ) ವಾಂತಿಭೇದಿ. ಭೇದಿಯಿಂದ ಮೈಯ ನೀರು ಹೋದಾಗ ಇದೇ ಗುಳಿಗೆಗಳು ಒತ್ತಡವನ್ನು ಅತಿಯಾಗಿ ಇಳಿಸಬಹುದು. ಅದೇ ದಿನ ದವಾಖಾನೆಗೆ ಹೋಗಿ, ಗುಳಿಗೆಯನ್ನು ಏನು ಮಾಡತಕ್ಕದ್ದೆಂದು ಕೇಳಿರಿ.

(ಊ) ತೊಂದರೆ ಕಂಡರೆ. ಅಮ್ಲೋಡಿಪಿನಿನಿಂದ ಕೆಲವರಿಗೆ ಪಾದ ಊದುವದು. ಎನಲಾಪ್ರಿಲ್ ಎಂಬದರಿಂದ ಕೆಲವರಿಗೆ ಒಣಕೆಮ್ಮು ಬರುವದು. ಮುದುಕರಿಗೆ ಥಟ್ಟನೆ ಎದ್ದಾಗ ಕಣ್ಣು ಕತ್ತಲೆಗಟ್ಟುವದು. ಸುಮ್ಮನೆ ಬಿಟ್ಟುಬಿಡದೆ ವೈದ್ಯರಿಗೆ ಹೇಳಿರಿ. ಬದಲು ಗುಳಿಗೆಗಳು ಬೇಕಾದಷ್ಟಿವೆ. ಆದರೆ ಮುಖ, ತುಟಿ, ನಾಲಿಗೆ ಊದಿದರೆ ಒಂದು ಗಳಿಗೆಯೂ ತಡಮಾಡದೆ ದವಾಖಾನೆಗೆ ಹೋಗಬೇಕು.

(ಋ) ಉಪ್ಪು. ಗುಳಿಗೆಯಿದೆಯೆಂದು ಉಪ್ಪನ್ನು ಸಡಿಲಬಿಡಬಾರದು. ದಿನಕ್ಕೆ ಒಬ್ಬರಿಗೆ 5 ಗ್ರಾಮಿಗಿಂತ, ಅಂದರೆ ಒಂದು ಚಹಾ ಚಮಚಕ್ಕಿಂತ, ಕಡಿಮೆಯೇ ಸಾಕು. ಸಾರಿಗೆ ಹಾಕಿದ್ದು ಮಾತ್ರವಲ್ಲ, ಉಪ್ಪಿನಕಾಯಿ, ಹಪ್ಪಳ, ಶೇಂಗಾ ಚಟ್ನಿಪುಡಿ, ಮಂಡಕ್ಕಿ ಮಿರ್ಚಿ ಇವುಗಳಲ್ಲಿರುವದೂ ಈ ಲೆಕ್ಕಕ್ಕೆ ಸೇರಿದೆ. ಹೊಗೆಸೊಪ್ಪನ್ನೂ ಮದ್ಯವನ್ನೂ ಬಿಟ್ಟುಬಿಡಿರಿ.

5. ಅಳತೆ ಮಾಡಿಸುವ ಕ್ರಮ

ನಡೆದು ಬಂದ ಕೂಡಲೆ ಅಳೆಸಿದರೆ ಅಂಕೆಯು ಹೆಚ್ಚಾಗಿ ಬರುವದು. ಅರ್ಧ ಗಂಟೆ ಮುಂಚೆಯಿಂದ ಚಹಾ, ಬೀಡಿ ಬೇಡ. ಮೂತ್ರಮಾಡಿ ಬಂದು ಐದು ನಿಮಿಷ ಬೆನ್ನಿಗೆ ಆಸರೆಕೊಟ್ಟು ಮೌನವಾಗಿ ಕೂತುಕೊಳ್ಳಿರಿ. ಕೈಯು ಎದೆಯ ಮಟ್ಟದಲ್ಲಿರಲಿ. ಬಂದ ಅಂಕೆಯನ್ನು ತಾರೀಖಿನೊಂದಿಗೆ ಬರೆಸಿಕೊಳ್ಳಿರಿ.

ನಮ್ಮ ರಾಜ್ಯದಲ್ಲಿ 2024ರಲ್ಲಿ ಮೊದಲುಗೊಂಡ ಗೃಹ ಆರೋಗ್ಯ ಯೋಜನೆಯ ಉದ್ದೇಶವು 30 ವರುಷ ದಾಟಿದವರನ್ನು ಮನೆಮನೆಗೆ ಹೋಗಿ ಪರೀಕ್ಷಿಸುವದೇ. ಆಶಾ ಕಾರ್ಯಕರ್ತೆಯರು ಬಾಗಿಲಿಗೆ ಬಂದಾಗ, 'ನಮಗೇನೂ ಇಲ್ಲ' ಎಂದು ಹಿಂದಕ್ಕೆ ಕಳುಹಿಸಬಾರದು. ಏನೂ ಇಲ್ಲವೆಂಬದನ್ನು ಅಳತೆಯೇ ಹೇಳಲಿ.

6. ಓಡಬೇಕಾದ ಸಮಯ

ಬಾಯಿ ಸೊಟ್ಟಗಾದರೆ, ಒಂದು ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ, ಎದೆ ಹಿಂಡಿದಂತೆ ನೋವಾದರೆ, ಉಸಿರು ಸಿಕ್ಕಿಕೊಂಡರೆ, ದೃಷ್ಟಿ ಥಟ್ಟನೆ ಮಂಜಾದರೆ, ಕೂಡಲೆ 108ಕ್ಕೆ ಕರೆಮಾಡಿರಿ. ಇನ್ನೊಂದು ಬೀಪಿ ಗುಳಿಗೆಯನ್ನು ಕೊಡಬೇಡಿರಿ, ನಾಲಿಗೆಯ ಕೆಳಗೂ ಇಡಬೇಡಿರಿ. ಬಾಯಿಗೆ ನೀರು ಹೊಯ್ಯಬೇಡಿರಿ. ಪಾರ್ಶ್ವವಾಯುವಿನಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಧಾರಣವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗಿದೆ. ಲಕ್ವ ಹೊಡೆದವರನ್ನು ಮೊದಲು ನಾಟಿ ಎಣ್ಣೆ ತಿಕ್ಕುವವರ ಬಳಿಗೆ ಒಯ್ದರೆ ಆ ಹೊತ್ತು ದಾರಿಯಲ್ಲೇ ಕಳೆದುಹೋಗುವದು.

7. ಸಭೆಯವರು ಮಾಡತಕ್ಕದ್ದು

ಕಣ್ಣು ಮಂದವಾದ ಮುದುಕರಿಗೂ ಓದು ಬಾರದವರಿಗೂ ಗುಳಿಗೆಗಳ ಹೆಸರುಗಳು ಒಂದೇ ರೀತಿಯಾಗಿ ಕಾಣುವವು. ಓದುಬಲ್ಲ ಹುಡುಗ ಹುಡುಗಿಯರು ವಾರಕ್ಕೊಮ್ಮೆ ಅಂಥವರ ಮನೆಗೆ ಹೋಗಿ, ಚೀಟಿಗೂ ಪಟ್ಟಿಗೂ ಹೋಲಿಸಿ ನೋಡಿ, ಉಳಿದ ಗುಳಿಗೆಗಳನ್ನು ಎಣಿಸಲಿ, ಕಡೆಯ ತಾರೀಖನ್ನು ಓದಿ ಹೇಳಲಿ. ಗುಳಿಗೆಗಳನ್ನು ಮಕ್ಕಳ ಕೈಗೆ ಸಿಕ್ಕದ ಹಾಗೆ, ಒಲೆಯ ಬಿಸಿ ತಾಗದ ಹಾಗೆ ಎತ್ತಿಡಿಸಲಿ. ಇದಕ್ಕೆ ಖರ್ಚೇನೂ ಇಲ್ಲ. ಆದರೆ ಒಂದು ಮನೆಯ ದುಡಿಯುವ ಕೈ ಉಳಿಯಬಹುದು.

ಕೂಡಿ ವಿಚಾರಿಸುವದಕ್ಕೆ ಪ್ರಶ್ನೆಗಳು

1. ಮೈಯಲ್ಲಿ ಯಾವ ತೊಂದರೆಯೂ ಇಲ್ಲದಿರುವಾಗ ಗುಳಿಗೆಯನ್ನು ಯಾಕೆ ಬಿಡಬಾರದು?
2. ನಿನ್ನೆಯ ಗುಳಿಗೆಯನ್ನು ಮರೆತವರು ಇಂದು ಏನು ಮಾಡಬೇಕು?
3. ನಿಮ್ಮ ಓಣಿಯಲ್ಲಿ ಈ ವರುಷ ಗುಳೆ ಹೋಗುವವರು ಯಾರು? ಅವರ ಬಳಿ ಎಷ್ಟು ದಿನದ ಗುಳಿಗೆ ಇದೆ?